ಸ್ಕ್ಯಾಂಡಿನೇವಿಯಾದ ವ್ಯಕ್ತಿನಾಮಗಳು

ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಐಸ್‌ಲ್ಯಾಂಡ್ ಮತ್ತು ಫ್ಯಾರೋ ದ್ವೀಪಗಳಲ್ಲಿ ಬಳಕೆಯಲ್ಲಿರುವ, ಬಹುಮಟ್ಟಿಗೆ ಪ್ರಾಚೀನ ನಾರ್ಸ್ ಭಾಷೆಯಿಂದ ಬೆಳೆದುಬಂದ ಹೆಸರುಗಳು. ಈ ನಾಡುಗಳ ಮುಖ್ಯ ಭಾಷೆಗಳು ಜರ್ಮ್ಯಾನಿಕ್ ಕುಟುಂಬದ ಉತ್ತರ ಶಾಖೆಗೆ ಸೇರಿದವು. ನೆರೆಯ ಫಿನ್ನಿಷ್ ಮತ್ತು ಸಾಮಿ ಭಾಷೆಗಳದು ಯುರಾಲಿಕ್ ಕುಟುಂಬ. ಅಲ್ಲಿನ ನಾಮಪದ್ಧತಿ ಬೇರೆಯಾದ್ದರಿಂದ ಅದನ್ನಿಲ್ಲಿ ಚರ್ಚಿಸಿಲ್ಲ. ಬ್ಯೋರ್ನ್ ಎಂದರೆ ಕರಡಿ, ಸಿಗ್ರಿಡ್ ಎಂದರೆ ವಿಜಯಸುಂದರಿ ಎಂದು ಅರ್ಥ ಹೇಳುವ ಪಟ್ಟಿಗಳಿಗೆ ಬರವಿಲ್ಲ. ಅವು ಸುಳ್ಳಲ್ಲ, ಆದರೆ ಅರ್ಧ ಮಾತನ್ನಷ್ಟೇ ಹೇಳುತ್ತವೆ. ಹೆಸರಿಟ್ಟವರ ಮನಸ್ಸಿನಲ್ಲಿ ಪದದ ಅರ್ಥಕ್ಕಿಂತ ಮುಂದಾಗಿ ಇದ್ದದ್ದು ಮಗು ಯಾವ ಮನೆತನದ್ದು, ಯಾರ ಮೊಮ್ಮಗು, ಯಾವ ಜಮೀನಿನದು ಎಂಬ ಲೆಕ್ಕ.

ಅತಿ ಹಳೆಯ ಸಾಕ್ಷ್ಯ

ಡೆನ್ಮಾರ್ಕಿನ ಫ್ಯೂನ್ ದ್ವೀಪದ ವಿಮೋಸೆ ಎಂಬ ಜೌಗುನೆಲದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 160ರ ಕಾಲದ ಬಾಚಣಿಗೆಯೊಂದರ ಮೇಲೆ ರೂನ್ ಲಿಪಿಯಲ್ಲಿ ‘ಹರ್ಯ’ ಎಂದು ಕೆತ್ತಿದೆ. ಅದು ಒಡೆಯನ ಹೆಸರಿರಬೇಕೆಂಬುದು ಹಲವು ವಿದ್ವಾಂಸರ ಊಹೆ. ಸೇನೆ ಎಂಬರ್ಥದ ಪದದ ಬಳಗಕ್ಕೆ ಸೇರಿದ ಮಾತದು. ಇಂದಿನ ನಾರ್ವೆಯ ದೊರೆ ಹರಾಲ್ಡ್‌ನ ಹೆಸರಿನ ಮೊದಲ ಭಾಗವೂ ಅದೇ. ದಕ್ಷಿಣ ಜಟ್‌ಲ್ಯಾಂಡಿನ ಗ್ಯಾಲಹೂಸ್‌ನಲ್ಲಿ 1734ರಲ್ಲಿ ಸಿಕ್ಕ ಚಿನ್ನದ ಕೊಂಬಿನ ಮೇಲೆ ಅದನ್ನು ಮಾಡಿದವನು ತನ್ನ ಹೆಸರನ್ನು ಹ್ಲೇವಗಸ್ತಿಜ್ ಎಂದು ಬರೆದುಕೊಂಡಿದ್ದಾನೆ. ಕಾಲ ಸುಮಾರು ಕ್ರಿ.ಶ. 400. ‘ಗಸ್ತಿಜ್’ ಎಂದರೆ ಅತಿಥಿ. 1802ರಲ್ಲಿ ಕಳ್ಳನೊಬ್ಬ ಕೊಂಬನ್ನು ಕದ್ದು ಕರಗಿಸಿಬಿಟ್ಟ. ಅದಕ್ಕೆ ಮೊದಲೇ ಬರೆದಿಟ್ಟಿದ್ದ ಚಿತ್ರಗಳಿಂದಾಗಿ ಬರಹ ಮಾತ್ರ ಉಳಿಯಿತು. ಆ ಹೆಸರಿನ ಬೆನ್ನಿಗೇ ‘ಹೋಲ್ತಿಯಜ್’ ಎಂಬ ಇನ್ನೊಂದು ಪದವಿದೆ. ಅದನ್ನು ಹೋಲ್ಟ್ ಎಂಬವನ ಮಗ ಎಂದೂ ಓದಬಹುದು, ಹೋಲ್ಟ್ ಎಂಬ ಊರಿನವನು ಎಂದೂ ಓದಬಹುದು. ಮುಂದಿನ ಹದಿನೈದು ಶತಮಾನಗಳ ಕಾಲ ಈ ನಾಡುಗಳಲ್ಲಿ ಮನುಷ್ಯನ ಗುರುತು ಹೇಳಲು ಬಳಕೆಯಾದ ದಾರಿಗಳೂ ಮುಖ್ಯವಾಗಿ ಇವೆರಡೇ.

ದಕ್ಷಿಣ ಸ್ವೀಡನ್ನಿನ ಬ್ಲೇಕಿಂಗೆ ಪ್ರಾಂತದ ಇಸ್ತಬಿ ಶಿಲೆ ಏಳನೆಯ ಶತಮಾನದ್ದು. ಹರಿವುಲ್ಫ್‌ನ ನೆನಪಿಗಾಗಿ ಹೆರುವುಲ್ಫ್‌ನ ಮಗ ಹಥುವುಲ್ಫ್ ಈ ಅಕ್ಷರಗಳನ್ನು ಬರೆದ ಎಂಬುದು ಅದರ ತಾತ್ಪರ್ಯ. ಕ್ರಮವಾಗಿ ಸೇನೆಯ ತೋಳ, ಕತ್ತಿಯ ತೋಳ, ಕದನದ ತೋಳ. ಮೂರೂ ಹೆಸರುಗಳಲ್ಲಿ ಕೊನೆಯ ಭಾಗ ಒಂದೇ, ಮೊದಲ ಅಕ್ಷರವೂ ಒಂದೇ ಹಕಾರ. ಇದು ಆಕಸ್ಮಿಕವಲ್ಲ. ಮನೆತನದ ಹೆಸರುಗಳು ಆದಿಪ್ರಾಸದಲ್ಲಿ ಕೂಡಬೇಕು, ಹಿರಿಯರ ಹೆಸರಿನ ಒಂದು ತುಂಡು ಮಗುವಿಗೆ ಇಳಿದು ಬರಬೇಕು ಎಂಬುದು ಅಂದಿನ ರೂಢಿ.

ಎರಡು ತುಂಡುಗಳ ಹೆಸರು

ಪ್ರಾಚೀನ ನಾರ್ಸ್ ಹೆಸರುಗಳಲ್ಲಿ ದೊಡ್ಡ ಪಾಲು ಎರಡು ಪದಗಳ ಜೋಡಣೆ. ಮೊದಲ ಪದ ಗಂಡಿಗೂ ಹೆಣ್ಣಿಗೂ ಒಂದೇ ಇರಬಹುದು. ಲಿಂಗವನ್ನು ನಿರ್ಧರಿಸುವುದು ಎರಡನೆಯದು. ‘ಸಿಗ್’ ಎಂದರೆ ಗೆಲುವು. ಅದಕ್ಕೆ ಕಾವಲುಗಾರ ಎಂಬರ್ಥದ ಪದ ಸೇರಿದರೆ ಸಿಗುರ್ಡ್ ಎಂಬ ಗಂಡು ಹೆಸರು, ಚೆಲುವೆ ಎಂಬರ್ಥದ ಪದ ಸೇರಿದರೆ ಸಿಗ್ರಿಡ್ ಎಂಬ ಹೆಣ್ಣು ಹೆಸರು. ಇಂಗ್ ಎಂಬುದು ಫ್ರೇಯ್ ದೇವತೆಯ ಇನ್ನೊಂದು ಹೆಸರು. ಇಂಗ್ರಿಡ್, ಇಂಗೆಬೋರ್ಗ್, ಇಂಗ್ವಾರ್ ಬಂದದ್ದು ಅಲ್ಲಿಂದ. ‘ಆಸ್’ ಎಂದರೆ ದೇವತೆ. ಆಸ್ಟ್ರಿಡ್ ಎಂದರೆ ದೇವಸುಂದರಿ, ಆಸ್‌ಗೈರ್ ಎಂದರೆ ದೇವರ ಈಟಿ. ಹರಾಲ್ಡ್‌ನಲ್ಲಿ ಸೇನೆಯೂ ಆಳ್ವಿಕೆಯೂ ಇವೆ. ಒಲಾಫ್ ಎಂದರೆ ಪೂರ್ವಜರ ವಾರಸುದಾರ. ಲೈಫ್ ಎಂಬುದು ಅದೇ ‘ವಾರಸುದಾರ’ ಪದ ಒಂಟಿಯಾಗಿ ನಿಂತದ್ದು. ಐನಾರ್ ಎಂದರೆ ಒಬ್ಬನೇ ಕಾದುವವನು. ಗುಡ್ರೂನ್‌ನಲ್ಲಿ ದೇವರೂ ಗುಟ್ಟೂ ಕೂಡಿವೆ.

ಹಾಗಾದರೆ ಗುನ್‌ಹಿಲ್ಡ್ ಎಂದರೇನು? ‘ಗುನ್’ ಎಂದರೂ ಯುದ್ಧ, ‘ಹಿಲ್ಡ್’ ಎಂದರೂ ಯುದ್ಧ. ಹೆಸರಿನ ಅರ್ಥ ಯುದ್ಧಯುದ್ಧ! ಇದನ್ನೇ ತಿರುಗಿಸಿದ ಹಿಲ್ಡಿಗುನ್ ಎಂಬ ಹೆಸರೂ ಸಾಗಾ ಎನಿಸಿದ ಐಸ್‌ಲ್ಯಾಂಡಿನ ಕಥನಗಳಲ್ಲಿದೆ. ಹೆಸರನ್ನು ಒಂದು ವಾಕ್ಯದಂತೆ ಬಿಡಿಸಿ ಅರ್ಥ ಹೇಳುವ ಪಟ್ಟಿಗಳು ಮುಗ್ಗರಿಸುವುದು ಇಲ್ಲಿ. ತಾಯಿಯ ಕಡೆಯ ಗುನ್ ಒಂದು, ತಂದೆಯ ಕಡೆಯ ಹಿಲ್ಡ್ ಒಂದು, ಹೀಗೆ ಎರಡು ಮನೆಗಳ ತುಂಡುಗಳು ಒಂದು ಮಗುವಿನಲ್ಲಿ ಕೂಡಿದರೆ ಸಾಕಾಗಿತ್ತು. ಹೆಣ್ಣುಮಕ್ಕಳ ಹೆಸರುಗಳಲ್ಲಿ ಯುದ್ಧ ಇಷ್ಟೊಂದು ತುಂಬಿರುವುದನ್ನು ಕಂಡು ಅಲ್ಲಿನ ಹೆಂಗಸರೆಲ್ಲ ಕತ್ತಿ ಹಿಡಿಯುತ್ತಿದ್ದರೆಂದು ತಿಳಿಯಬೇಕಾಗಿಲ್ಲ. ನಾರ್ಸ್ ವ್ಯಾಕರಣದಲ್ಲಿ ಆ ಎರಡು ಪದಗಳೂ ಸ್ತ್ರೀಲಿಂಗದವು. ಹೆಣ್ಣಿನ ಹೆಸರಿನ ಕೊನೆಗೆ ಅವು ಹೊಂದಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಒಂದೇ ಪದದ ಹೆಸರುಗಳೂ ಇದ್ದವು. ಉಲ್ಫ್ ತೋಳ, ಸ್ವೆನ್ ಹುಡುಗ ಅಥವಾ ಯುವಕ, ಕ್ನೂಟ್ ಗಂಟು, ಸ್ಟೈನ್ ಕಲ್ಲು, ಕೆಟಿಲ್ ಹಂಡೆ. ಟೋವೆ, ಟೋಕೆ ಮುಂತಾದವು ಥೋರ್ ಸೇರಿದ ಉದ್ದ ಹೆಸರುಗಳ ಮೊಟಕು ರೂಪಗಳು.

ವೈಕಿಂಗ್ ಯುಗ ಬರುವ ಹೊತ್ತಿಗೆ ತುಂಡು ಹಂಚುವ ರೂಢಿಯ ಜೊತೆಗೆ, ತೀರಿಹೋದ ಹಿರಿಯರ ಇಡೀ ಹೆಸರನ್ನೇ ಮಗುವಿಗಿಡುವ ರೂಢಿ ಬಲವಾಯಿತು. ಹತ್ತೊಂಬತ್ತನೆಯ ಶತಮಾನದವರೆಗೂ ಹಳ್ಳಿಗಳಲ್ಲಿ ಅದು ಕಟ್ಟುನಿಟ್ಟು: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಹೆಂಡತಿ ಸತ್ತು ಗಂಡ ಮರುಮದುವೆಯಾದರೆ, ಹೊಸ ಹೆಂಡತಿಗೆ ಹುಟ್ಟಿದ ಮೊದಲ ಹೆಣ್ಣುಮಗುವಿಗೆ ಸತ್ತವಳ ಹೆಸರು. ಕೂಸು ತೀರಿಕೊಂಡರೆ ಮುಂದೆ ಹುಟ್ಟಿದ ಕೂಸಿಗೆ ಅದೇ ಹೆಸರು. ಹಳೆಯ ಚರ್ಚ್ ದಾಖಲೆಗಳಲ್ಲಿ ವಂಶಾವಳಿ ಹುಡುಕುವವರನ್ನು ಗೋಳಾಡಿಸುವುದು ಈ ಪುನರಾವರ್ತನೆಯೇ.

ದೇವರುಗಳ ಪಾಲು

ದೇವತೆಗಳಲ್ಲಿ ಹೆಸರುಗಳಿಗೆ ಹೆಚ್ಚಾಗಿ ಒದಗಿದವನು ಗುಡುಗಿನ ದೇವತೆ ಥೋರ್. ಥೋರ್‌ಸ್ಟೈನ್, ಥೋರ್‌ಬ್ಯೋರ್ನ್, ಥೋರ್‌ಗ್ರಿಮ್, ಥೋರ್‌ದಿಸ್ ಎಂಬವರು ಐಸ್‌ಲ್ಯಾಂಡಿನ ವಲಸೆಯ ದಾಖಲೆಯಾದ ‘ಲ್ಯಾಂಡ್‌ನಾಮಬೋಕ್’ನಲ್ಲಿ ಪುಟಪುಟಕ್ಕೂ ಎದುರಾಗುತ್ತಾರೆ. ‘ಏರ್‌ಬಿಗ್ಯ’ ಸಾಗಾದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಹ್ರೋಲ್ಫ್ ಎಂಬವನು ಥೋರ್‌ನ ಪರಮ ಭಕ್ತ. ಅದರಿಂದ ಜನ ಅವನನ್ನು ಥೋರೋಲ್ಫ್ ಎಂದು ಕರೆದರು. ಅವನು ತನ್ನ ಮಗ ಸ್ಟೈನ್‌ನನ್ನು ಥೋರ್‌ಗೆ ಒಪ್ಪಿಸಿ ಥೋರ್‌ಸ್ಟೈನ್ ಮಾಡಿದ. ಥೋರ್‌ಸ್ಟೈನ್‌ನ ಮಗ ಗ್ರಿಮ್ ಥೋರ್‌ಗ್ರಿಮ್ ಆದ. ಮೊದಲೇ ಇದ್ದ ಹೆಸರಿಗೆ ದೇವರ ಹೆಸರನ್ನು ಮುಡಿಪಿನಂತೆ ಅಂಟಿಸಿದ ಬಗೆಯಿದು.

ಆದರೆ ದೇವತೆಗಳ ಅರಸ ಓಡಿನ್‌ನ ಹೆಸರನ್ನು ಜನ ಮುಟ್ಟಿದ್ದು ಬಹಳ ಕಡಮೆ. ಅವನು ಯುದ್ಧದ, ನೇಣಿನ, ಮಾಟದ ದೇವತೆ. ಭಕ್ತರಿಗೇ ಕೈಕೊಡುವವನೆಂಬ ಖ್ಯಾತಿಯೂ ಅವನಿಗಿತ್ತು. ರೈತಾಪಿ ಜನ ಮಕ್ಕಳ ಹೆಸರಿನಲ್ಲಿ ಅವನನ್ನು ದೂರವಿಟ್ಟದ್ದು ಸಹಜವಾಗಿಯೇ ತೋರುತ್ತದೆ. ಅಪವಾದವೆಂದರೆ ಡೆನ್ಮಾರ್ಕಿನ ಓಡಿನ್‌ಕಾರ್. ಸಾವಿರನೆಯ ಇಸವಿಯ ಆಸುಪಾಸಿನಲ್ಲಿ ಈ ಹೆಸರಿನವನೊಬ್ಬ ರೀಬೆ ಪಟ್ಟಣದ ಕ್ರೈಸ್ತ ಬಿಷಪ್ ಆಗಿದ್ದ ಎಂಬುದು ತಮಾಷೆ.

ಅಡ್ಡಹೆಸರುಗಳು

ಒಂದೇ ಹೆಸರು ಹಲವರಿಗಿದ್ದಾಗ ಅಡ್ಡಹೆಸರು ಅನಿವಾರ್ಯ. ಕೆಂಪು ಐರಿಕ್, ಚಪ್ಪಟೆ ಮೂಗಿನ ಕೆಟಿಲ್, ಮೂಳೆಯಿಲ್ಲದ ಐವಾರ್, ಕವಲುಗಡ್ಡದ ಸ್ವೆನ್, ಚೆಲುಗೂದಲ ಹರಾಲ್ಡ್: ನಾರ್ಸ್ ಜನ ಅಡ್ಡಹೆಸರಿಡುವುದರಲ್ಲಿ ದಾಕ್ಷಿಣ್ಯ ಇಟ್ಟುಕೊಂಡವರಲ್ಲ. ಇವರೆಲ್ಲರಿಗಿಂತ ಹೆಚ್ಚು ಬಾಯಿಗೆ ಬಂದಿರುವವನು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ನೀಲಿಹಲ್ಲಿನ ಹರಾಲ್ಡ್. ಮೊಬೈಲ್ ಫೋನುಗಳಲ್ಲಿರುವ ಬ್ಲೂಟೂತ್ ತಂತ್ರಜ್ಞಾನಕ್ಕೆ ಅವನ ಅಡ್ಡಹೆಸರನ್ನೇ ಇಟ್ಟರು. ಅದರ ಚಿಹ್ನೆಯು ಹ ಮತ್ತು ಬ ಧ್ವನಿಗಳ ಎರಡು ರೂನ್ ಅಕ್ಷರಗಳ ಕೂಡುರೂಪ.

ಕ್ರೈಸ್ತಮತ ಬಂದ ಮೇಲೆ

ಮತ ಬದಲಾದೊಡನೆ ಹೆಸರುಗಳು ಬದಲಾಗಲಿಲ್ಲ. ನಾರ್ವೆಯಲ್ಲಿ ಕ್ರೈಸ್ತಮತವನ್ನು ನೆಲೆಗೊಳಿಸಿದ ದೊರೆ ಒಲಾಫ್ ಹರಾಲ್ಡ್‌ಸನ್ 1030ರಲ್ಲಿ ಸ್ಟಿಕ್ಲೆಸ್ಟಾಡ್ ಕಾಳಗದಲ್ಲಿ ಮಡಿದು ಸಂತನಾದ. 1086ರಲ್ಲಿ ಓಡೆನ್ಸೆಯಲ್ಲಿ ಕೊಲೆಯಾದ ಡೆನ್ಮಾರ್ಕಿನ ದೊರೆ ಕ್ನೂಟ್, ಹನ್ನೆರಡನೆಯ ಶತಮಾನದ ಸ್ವೀಡನ್ನಿನ ದೊರೆ ಎರಿಕ್ ಕೂಡ ಸಂತರೆನಿಸಿದರು. ಹೀಗೆ ಮೂರೂ ದೇಶಗಳಲ್ಲಿ ಹಳೆಯ ಮತದ ಕಾಲದ ಹೆಸರುಗಳಿಗೆ ಚರ್ಚಿನ ಮುದ್ರೆ ಬಿತ್ತು. ಅವು ಇಂದಿಗೂ ಉಳಿದದ್ದಕ್ಕೆ ಇದು ದೊಡ್ಡ ಕಾರಣ.

ಇದೇ ಒಲಾಫ್‌ನ ಮಗನ ಹೆಸರಿನ ಕಥೆಯನ್ನು ಐಸ್‌ಲ್ಯಾಂಡಿನ ಲೇಖಕ ಸ್ನೋರಿ ಸ್ಟುರ್ಲುಸನ್ ‘ಹೈಮ್ಸ್‌ಕ್ರಿಂಗ್ಲ’ದಲ್ಲಿ ಹೇಳಿದ್ದಾನೆ. ರಾತ್ರಿ ಹುಟ್ಟಿದ ಮಗು ಬದುಕುವುದೋ ಇಲ್ಲವೋ ಎಂಬಂತಿತ್ತು; ಕೂಡಲೇ ದೀಕ್ಷಾಸ್ನಾನ ಆಗಬೇಕಾಗಿತ್ತು. ಮಲಗಿದ್ದ ದೊರೆಯನ್ನು ಎಬ್ಬಿಸಲು ಯಾರಿಗೂ ಧೈರ್ಯವಿಲ್ಲ. ಆಸ್ಥಾನ ಕವಿ ಸಿಗ್ವಾಟ್ ತಾನೇ ಮುಂದೆ ನಿಂತು ಮಗುವಿಗೆ ಮ್ಯಾಗ್ನುಸ್ ಎಂದು ಹೆಸರಿಟ್ಟ. ಬೆಳಗ್ಗೆ ದೊರೆ ಸಿಟ್ಟಾಗಿ, ನಮ್ಮ ವಂಶದಲ್ಲಿಲ್ಲದ ಹೆಸರನ್ನು ಯಾಕಿಟ್ಟೆ ಎಂದು ಕೇಳಿದ. ಜಗತ್ತಿನಲ್ಲಿ ಅತಿ ದೊಡ್ಡವನಾದ ಚಾರ್ಲ್‌ಮೇನ್ ಚಕ್ರವರ್ತಿಯ ಹೆಸರು ಅದೆಂದು ಕವಿ ಉತ್ತರಿಸಿದ. ಲ್ಯಾಟಿನ್ನಿನಲ್ಲಿ ಆ ಚಕ್ರವರ್ತಿ ಕರೋಲಸ್ ಮ್ಯಾಗ್ನಸ್. ಎರಡನೆಯದು ‘ಮಹಾ’ ಎಂಬ ಬಿರುದು. ಬಿರುದು ಹೆಸರಾಯಿತು. ಆ ಮಗು 1035ರಲ್ಲಿ ನಾರ್ವೆಯ ದೊರೆಯಾಯಿತು. ಅಲ್ಲಿಂದ ಮೂರೂ ದೇಶಗಳ ಅರಮನೆಗಳಿಗೂ ಗುಡಿಸಲುಗಳಿಗೂ ಮ್ಯಾಗ್ನುಸ್ ಹಬ್ಬಿತು.

ಬೈಬಲ್ಲಿನ ಮತ್ತು ಸಂತರ ಹೆಸರುಗಳು ಮಧ್ಯಯುಗದ ಉತ್ತರಾರ್ಧದಲ್ಲಿ ಪ್ರವಾಹದಂತೆ ಬಂದವು. ಆದರೆ ಇಲ್ಲಿನ ನಾಲಿಗೆಗಳು ಅವನ್ನು ಗುರುತು ಸಿಗದಷ್ಟು ಸವೆಸಿದವು. ಯೊಹಾನ್ನೆಸ್ ಎಂಬ ಒಂದೇ ಹೆಸರಿನಿಂದ ಯೋನ್, ಯೆನ್ಸ್, ಯೊಹಾನ್, ಹಾನ್ಸ್, ಯಾನ್ ಹುಟ್ಟಿದವು. ನಿಕೊಲಾಸ್ ನಿಲ್ಸ್ ಆದ, ಲಾರೆಂಟಿಯಸ್ ಲಾರ್ಸ್ ಆದ, ಆಂಡ್ರೆಯಾಸ್ ಆಂಡೆರ್ಸ್ ಆದ, ಪೆಟ್ರುಸ್ ಪೆರ್ ಮತ್ತು ಪೇಡೆರ್ ಆದ, ಯಾಕೋಬ್ ಇಬ್ ಮತ್ತು ಯೆಪ್ಪೆ ಆದ. ಕತರೀನಾಳಿಂದ ಕಾರಿನ್, ಕಾರೆನ್, ಕಾರಿ. ಮಾರ್ಗರೇಟಾಳಿಂದ ಮಾರ್ಗ್ರೆಟೆ, ಮೆರೆಟೆ, ಗ್ರೇಟಾ, ಮಾರಿಟ್. ಹೀಬ್ರೂ ಹೆಸರಾದ ಅಬ್ಸಲೋಮ್‌ನ ಸವೆದ ರೂಪ ಆಕ್ಸೆಲ್ ಎಂದರೆ ಮೊದಲು ಕೇಳಿದವರು ನಂಬುವುದಿಲ್ಲ. ಐರ್ಲೆಂಡಿನಿಂದಲೂ ಕೆಲವು ಬಂದವು: ಸಾಗಾಗಳ ಪ್ರಸಿದ್ಧ ನಾಯಕರಾದ ನ್ಯಾಲ್, ಕೊರ್ಮಾಕ್, ಕ್ಯಾರ್ಟನ್ ಮೂವರ ಹೆಸರುಗಳೂ ಐರಿಷ್ ಮೂಲದವು. ಬಿರ್ಗಿಟ್ಟಾ, ಬೆರಿಟ್, ಬ್ರಿಟ್ಟಾಗಳ ಹಿಂದಿರುವುದು ಐರಿಷ್ ಸಂತ ಬ್ರಿಗಿಡ್‌ಳ ಹೆಸರು.

ತಂದೆಯ ಹೆಸರು ಕುಲನಾಮವಾದ ಬಗೆ

ಲಾರ್ಸ್ ಆಂಡೆರ್ಸ್‌ಸನ್ ಎಂದರೆ ಆಂಡೆರ್ಸ್‌ನ ಮಗ ಲಾರ್ಸ್, ಅಷ್ಟೆ. ಅವನ ಮಗ ನಿಲ್ಸ್ ಲಾರ್ಸ್‌ಸನ್, ಮಗಳು ಕಾರಿನ್ ಲಾರ್ಸ್‌ದೋತೆರ್. ಆಂಡೆರ್ಸ್‌ಸನ್ ಎಂಬುದು ಆಗ ಹೆಸರಲ್ಲ, ವಿವರಣೆ, ತಲೆಮಾರಿಗೊಮ್ಮೆ ಬದಲಾಗುವಂಥದ್ದು. ಮದುವೆಯಾದ ಹೆಂಗಸು ಗಂಡನ ಮನೆಗೆ ಹೋದರೂ ತಂದೆಯ ಮಗಳಾಗಿಯೇ ಉಳಿಯುತ್ತಿದ್ದಳು. ತಾಯಿ ಹೆಚ್ಚು ಘನತೆಯವಳಾಗಿದ್ದರೆ ತಾಯಿಯ ಹೆಸರೂ ನಡೆಯುತ್ತಿತ್ತು: 1047ರಿಂದ 1076ರವರೆಗೆ ಡೆನ್ಮಾರ್ಕನ್ನಾಳಿದ ಸ್ವೆನ್ ಎಸ್ಟ್ರಿಡ್‌ಸನ್‌ಗೆ ಸಿಂಹಾಸನದ ಹಕ್ಕು ಬಂದದ್ದು ತಾಯಿ ಎಸ್ಟ್ರಿಡ್‌ಳಿಂದ. ಪುರಾಣದ ಲೋಕಿಯೂ ತಾಯಿ ಲೌಫೇಯಳ ಹೆಸರಿನಿಂದಲೇ ಲೌಫೇಯರ್‌ಸನ್.

ತೆರಿಗೆ, ಸೈನ್ಯ, ಆಸ್ತಿಯ ದಾಖಲೆ ಇಡುವ ಸರಕಾರಗಳಿಗೆ ಇದು ತಲೆನೋವಾಯಿತು. ಡೆನ್ಮಾರ್ಕಿನಲ್ಲಿ ದೊರೆ ಫ್ರೆಡೆರಿಕ್ 1526ರಲ್ಲೇ ಶ್ರೀಮಂತ ಮನೆತನಗಳಿಗೆ ಸ್ಥಿರವಾದ ಕುಲನಾಮ ಇಟ್ಟುಕೊಳ್ಳಲು ಆಜ್ಞಾಪಿಸಿದ. ಶೇಕ್ಸ್‌ಪಿಯರ್ ‘ಹ್ಯಾಮ್ಲೆಟ್’ನಲ್ಲಿ ಬಳಸಿಕೊಂಡ ರೋಸೆನ್‌ಕ್ರಾಂಟ್ಸ್ (ಗುಲಾಬಿಮಾಲೆ), ಗಿಲ್ಡೆನ್‌ಸ್ಟರ್ನ್ (ಚಿನ್ನದ ನಕ್ಷತ್ರ) ಇಬ್ಬರದೂ ಅಂಥ ನಿಜವಾದ ಮನೆತನಗಳ ಹೆಸರು. ಸಾಮಾನ್ಯರ ಪಾಳಿ ಬಂದದ್ದು 1828ರ ರಾಜಾಜ್ಞೆಯಿಂದ. ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ ಬಹುತೇಕರು ಆ ಗಳಿಗೆಯಲ್ಲಿದ್ದ ತಂದೆಯ ಹೆಸರನ್ನೇ ಹೆಪ್ಪುಗಟ್ಟಿಸಿಕೊಂಡರು. ಯೆನ್ಸೆನ್, ನಿಲ್ಸೆನ್, ಹಾನ್ಸೆನ್‌ಗಳಿಂದ ಡೆನ್ಮಾರ್ಕ್ ತುಂಬಿಹೋಯಿತು. 1904ರಲ್ಲಿ ಹೆಸರು ಬದಲಾಯಿಸಿಕೊಳ್ಳುವುದನ್ನು ಸುಲಭಗೊಳಿಸುವ ಕಾನೂನು ಬಂದರೂ ಗೊಂದಲ ಉಳಿಯಿತು. 1993ರಿಂದ 2011ರವರೆಗೆ ಒಬ್ಬರ ಹಿಂದೊಬ್ಬರಂತೆ ಪ್ರಧಾನಿಗಳಾದ ಮೂವರೂ ರಾಸ್ಮುಸೆನ್‌ಗಳೇ, ಒಬ್ಬರಿಗೊಬ್ಬರು ನೆಂಟರಲ್ಲ. ಜನ ಅವರನ್ನು ನಡುಹೆಸರಿನಿಂದ ನ್ಯೂರೂಪ್, ಫೋಗ್, ಲ್ಯೋಕೆ ಎಂದೇ ಗುರುತಿಸುತ್ತಾರೆ.

ಸ್ವೀಡನ್ನಿನಲ್ಲಿ ಕುಲನಾಮಗಳು ಬಂದ ದಾರಿ ಹೆಚ್ಚು ಬಣ್ಣಬಣ್ಣದ್ದು. ಶ್ರೀಮಂತರು ಲಾಂಛನದಿಂದ ಹೆಸರು ಪಡೆದರು: ಉಕ್ಸೆನ್‌ಶೆರ್ನಾ ಎಂದರೆ ಎತ್ತಿನ ಹಣೆ, ಹಾಮ್ಮರ್‌ಶೋಲ್ಡ್ ಎಂದರೆ ಸುತ್ತಿಗೆ ಮತ್ತು ಗುರಾಣಿ. ಸೈನಿಕರಿಗೆ ಹೆಸರಿಟ್ಟವರು ಮೇಲಧಿಕಾರಿಗಳು. ಒಂದೇ ತುಕಡಿಯಲ್ಲಿ ಹತ್ತು ಮಂದಿ ಆಂಡೆರ್ಸ್‌ಸನ್‌ಗಳಿದ್ದರೆ ಕೂಗಿ ಕರೆಯುವುದು ಹೇಗೆ? ಹಾಗಾಗಿ ಮೂಡಿಗ್ (ಧೀರ), ರಾಸ್ಕ್ (ಚುರುಕು), ಸ್ಟೋಲ್ (ಉಕ್ಕು), ಶೋಲ್ಡ್ (ಗುರಾಣಿ) ಎಂಬ ಚುಟುಕು ಹೆಸರುಗಳು. ಪಟ್ಟಣದ ಕುಶಲಕರ್ಮಿಗಳೂ ವರ್ತಕರೂ ನಿಸರ್ಗದಿಂದ ಎರಡು ಪದ ಆಯ್ದು ಜೋಡಿಸಿಕೊಂಡರು. ಲಿಂಡ್‌ಬೆರಿ ಎಂದರೆ ಲಿಂಡೆನ್ ಮರ ಮತ್ತು ಬೆಟ್ಟ, ಬೆರಿಸ್ಟ್ರೋಮ್ ಎಂದರೆ ಬೆಟ್ಟ ಮತ್ತು ಹೊಳೆ. ಅಂಥ ಬೆಟ್ಟಹೊಳೆ ಆ ಕುಟುಂಬದ ಊರಿನಲ್ಲಿ ಇರಲೇಬೇಕೆಂದೇನೂ ಇರಲಿಲ್ಲ. ಪಾದ್ರಿಗಳೂ ವಿದ್ವಾಂಸರೂ ಊರಿನ ಹೆಸರಿಗೆ ಲ್ಯಾಟಿನ್ ವೇಷ ತೊಡಿಸಿದರು. ಉಷ್ಣಮಾಪಕದ ಸೆಲ್ಸಿಯಸ್‌ನ ಹಿರಿಯರ ಮನೆ ‘ಹೋಗೆನ್’, ಅಂದರೆ ದಿಬ್ಬ. ಎತ್ತರದ್ದು ಎಂಬರ್ಥದ ಲ್ಯಾಟಿನ್ ಪದದಿಂದ ಅದು ಸೆಲ್ಸಿಯಸ್ ಆಯಿತು. ನೊಬೆಲ್ ಎಂಬುದು ನೊಬೇಲಿಯುಸ್‌ನ ಮೊಟಕು ರೂಪ. ಮೂಲದಲ್ಲಿ ಸ್ಕೋನೆ ಪ್ರಾಂತದ ನೊಬ್ಬೆಲೋವ್ ಎಂಬ ಊರು.

ಇವೆಲ್ಲಕ್ಕಿಂತ ದೂರ ನಡೆದದ್ದು ಸ್ಮೋಲಾಂಡಿನ ಒಂದು ಲಿಂಡೆನ್ ಮರ. ರೈತನ ಮಗನಾದ ನಿಲ್ಸ್ ಇಂಗೆಮಾರ್ಸ್‌ಸನ್ ಎಂಬವನು ವಿಶ್ವವಿದ್ಯಾಲಯ ಸೇರುವಾಗ ಮನೆತನದ ಜಮೀನಿನಲ್ಲಿದ್ದ ಆ ಮರದಿಂದ ಲಿನ್ನೇಯುಸ್ ಎಂಬ ಹೆಸರು ಮಾಡಿಕೊಂಡ. ಅವನ ಮಗನೇ ಸಸ್ಯವಿಜ್ಞಾನಿ ಕಾರ್ಲ್ ಲಿನ್ನೇಯಸ್. ಆ ವಿಜ್ಞಾನಿಗೆ ಪ್ರಿಯವಾಗಿದ್ದ, ಉತ್ತರದ ಕಾಡುಗಳ ಪುಟ್ಟ ಜೋಡಿಹೂವಿಗೆ ಅವನ ಹೆಸರಿನಿಂದ ಲಿನ್ನೇಯಾ ಎಂದಾಯಿತು. ಹೂವಿನ ಹೆಸರನ್ನು ಸ್ವೀಡನ್ನಿನವರು ಹೆಣ್ಣುಮಕ್ಕಳಿಗಿಟ್ಟರು. ಇಂದು ಲಿನ್ನೇಯಾ ಅಲ್ಲಿ ಮನೆಮಾತು.

ಸ್ವೀಡನ್ನಿನಲ್ಲಿ ಸ್ಥಿರ ಕುಲನಾಮಕ್ಕೆ ಕಾನೂನಿನ ಚೌಕಟ್ಟು ಬಂದದ್ದು 1901ರಲ್ಲಿ. ಅಲ್ಲಿಗೆ ‘ದೋತೆರ್’ ಮಾಯವಾಗತೊಡಗಿ ಹೆಣ್ಣುಮಕ್ಕಳೂ ‘ಸನ್’ ಆದರು. 1920ರ ವಿವಾಹ ಕಾನೂನು ಹೆಂಡತಿ ಗಂಡನ ಕುಲನಾಮ ಧರಿಸಬೇಕೆಂದಿತು. ಹೆಣ್ಣು ಗಂಡನ ಹೆಸರು ಇಟ್ಟುಕೊಳ್ಳುವುದು ಉತ್ತರದ ನಾಡುಗಳ ಹಳೆಯ ಸಂಪ್ರದಾಯ ಎಂಬ ಭಾವನೆ ನಿಲ್ಲುವುದಿಲ್ಲ. ಅದು ಹೊಸ ಕಾಲದ ಕೂಸು.

ನಾರ್ವೆಯ ಜಮೀನು

ನಾರ್ವೆಯಲ್ಲಿ ತಂದೆಯ ಹೆಸರಿನ ಜೊತೆಗೆ ವಾಸದ ಜಮೀನಿನ ಹೆಸರು ಹೇಳುವುದು ವಾಡಿಕೆಯಾಗಿತ್ತು. ಅದು ವಿಳಾಸವಿದ್ದಂತೆ. ಬಾಕೆ (ಇಳಿಜಾರು) ಎಂಬ ಜಮೀನಿನವನು ಹೌಗೆನ್ (ದಿಬ್ಬ) ಎಂಬ ಜಮೀನಿಗೆ ಹೋಗಿ ನೆಲೆಸಿದರೆ ಅವನ ಹೆಸರಿನ ಕೊನೆಯ ಭಾಗವೂ ಬದಲಾಗುತ್ತಿತ್ತು. ಮನೆಯಳಿಯನಾಗಿ ಬಂದವನಿಗೆ ಹೆಂಡತಿಯ ಜಮೀನಿನ ಹೆಸರೇ. 1923ರ ಕಾನೂನು ಪ್ರತಿಯೊಬ್ಬರೂ ಸ್ಥಿರ ಕುಲನಾಮ ಇಟ್ಟುಕೊಳ್ಳಬೇಕೆಂದಾಗ ಬಹಳಷ್ಟು ಜನ ಜಮೀನಿನ ಹೆಸರನ್ನೇ ಆರಿಸಿಕೊಂಡರು. ‘ರೂಡ್’ ಎಂದು ಕೊನೆಗೊಳ್ಳುವ ಹೆಸರು ಕಾಡು ಕಡಿದು ಮಾಡಿದ ಭೂಮಿಯದು, ‘ವಿಕ್’ ಕೊಲ್ಲಿಯ ದಡದ್ದು, ‘ಡಾಲ್’ ಕಣಿವೆಯದು. ಓಲುಫ್ ರ‍್ಯೂಗ್ ಎಂಬ ವಿದ್ವಾಂಸ ಆರಂಭಿಸಿದ, 1897ರಿಂದ ಸಂಪುಟಸಂಪುಟವಾಗಿ ಹೊರಬಂದ ‘ನಾರ್ವೆಯ ಜಮೀನಿನ ಹೆಸರುಗಳು’ ಎಂಬ ಕೃತಿ ಈ ವಿಷಯದಲ್ಲಿ ಇಂದಿಗೂ ಆಧಾರಗ್ರಂಥ. ಕಾದಂಬರಿಕಾರ ಕ್ನೂಟ್ ಹಾಮ್ಸುನ್ ಹುಟ್ಟುಹೆಸರಿನಿಂದ ಕ್ನೂಟ್ ಪೇಡೆರ್ಸೆನ್. ಬೆಳೆದ ಜಮೀನಾದ ಹಾಮ್ಸುಂಡ್ ಅವನಿಗೆ ಹೆಸರಾಯಿತು. ಲೇಖನವೊಂದರ ಅಚ್ಚಿನಲ್ಲಿ ಕೊನೆಯ ಡಕಾರ ಬಿಟ್ಟುಹೋದದ್ದನ್ನು ಅವನು ಹಾಗೆಯೇ ಉಳಿಸಿಕೊಂಡ. ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗೋರ್‌ನ ಹೆಸರೂ ಇಂಥದ್ದೇ. ಜಟ್‌ಲ್ಯಾಂಡಿನಲ್ಲಿ ಚರ್ಚಿನ ಪಕ್ಕದ ಜಮೀನಿನಿಂದ ಬಂದದ್ದು.

ಐಸ್‌ಲ್ಯಾಂಡಿನ ಹಟ

ಐಸ್‌ಲ್ಯಾಂಡ್ ಮಾತ್ರ ಹಳೆಯ ಪದ್ಧತಿಯನ್ನು ಬಿಡಲಿಲ್ಲ. 1980ರಲ್ಲಿ ರಾಷ್ಟ್ರಾಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ದಿಸ್ ಫಿನ್‌ಬೋಗಾದೋತ್ತಿರ್ ಫಿನ್‌ಬೋಗಿಯ ಮಗಳು. ದೇಶವೆಲ್ಲ ಅವರನ್ನು ಕರೆಯುವುದು ವಿಗ್ದಿಸ್ ಎಂದೇ. ಅಚ್ಚಾಗುತ್ತಿದ್ದ ಕಾಲದಲ್ಲಿ ದೂರವಾಣಿ ಪುಸ್ತಕವೂ ಮೊದಲ ಹೆಸರಿನ ಅಕಾರಾದಿಯಲ್ಲಿರುತ್ತಿತ್ತು. ಹೊಸ ಕುಲನಾಮ ಇಟ್ಟುಕೊಳ್ಳುವುದನ್ನು 1925ರ ಕಾನೂನು ನಿಷೇಧಿಸಿತು. 1991ರಿಂದ ಒಂದು ನಾಮ ಸಮಿತಿಯಿದೆ. ಹೊಸ ಹೆಸರು ಐಸ್‌ಲ್ಯಾಂಡಿಕ್ ಕಾಗುಣಿತಕ್ಕೆ ಹೊಂದಬೇಕು, ಷಷ್ಠೀ ವಿಭಕ್ತಿ ಪ್ರತ್ಯಯ ತಾಳಬೇಕು. ಇಲ್ಲವಾದರೆ ಸಮಿತಿ ಒಪ್ಪುವುದಿಲ್ಲ. ತಂಗಾಳಿ ಎಂಬರ್ಥದ ಬ್ಲೈರ್ ಎಂಬ ಪದ ಪುಲ್ಲಿಂಗವೆಂಬ ಕಾರಣಕ್ಕೆ ಹುಡುಗಿಯೊಬ್ಬಳಿಗೆ ಆ ಹೆಸರನ್ನು ನಿರಾಕರಿಸಿದಾಗ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2013ರಲ್ಲಿ ತೀರ್ಪು ಹುಡುಗಿಯ ಪರವಾಗಿ ಬಂತು. ಐಸ್‌ಲ್ಯಾಂಡಿನ ಲೇಖಕ ಹಾಲ್ದೋರ್ ಲಾಕ್ಸ್‌ನೆಸ್ ತಮ್ಮ ಕಾದಂಬರಿಯೊಂದರಲ್ಲಿ ಹೆಣ್ಣುಪಾತ್ರಕ್ಕೆ ಅದೇ ಹೆಸರಿಟ್ಟಿದ್ದರು. 2019ರ ಕಾನೂನಿನ ನಂತರ ಹೆಸರುಗಳಿಗೆ ಲಿಂಗದ ಕಟ್ಟಳೆಯಿಲ್ಲ. ಗಂಡೂ ಹೆಣ್ಣೂ ಅಲ್ಲವೆಂದು ನೋಂದಾಯಿಸಿಕೊಂಡವರು ‘ಸನ್’, ‘ದೋತ್ತಿರ್’ ಬದಲು ‘ಬುರ್’ ಸೇರಿಸಿಕೊಳ್ಳಬಹುದು.

ಹಳೆಯ ಹೆಸರುಗಳ ಮರುಹುಟ್ಟು

ಹತ್ತೊಂಬತ್ತನೆಯ ಶತಮಾನದ ರಾಷ್ಟ್ರೀಯ ಭಾವನೆ ಮರೆತುಹೋಗಿದ್ದ ನಾರ್ಸ್ ಹೆಸರುಗಳನ್ನು ಮೇಲೆತ್ತಿತು. ಸ್ವೀಡನ್ನಿನ ಕವಿ ಎಸಾಯಾಸ್ ತೆಗ್ನೇರ್‌ನ 1825ರ ‘ಫ್ರಿತ್ಯೋಫನ ಸಾಗಾ’ ಕಾವ್ಯದಿಂದ ಫ್ರಿತ್ಯೋಫ್, ಇಂಗೆಬೋರ್ಗ್ ಮನೆಮನೆಗೆ ಬಂದವು. 1905ರಲ್ಲಿ ಸ್ವೀಡನ್ನಿನಿಂದ ಬೇ‍ರ್ಪಟ್ಟ ನಾರ್ವೆ ಡೆನ್ಮಾರ್ಕಿನ ರಾಜಕುಮಾರ ಕಾರ್ಲ್‌ನನ್ನು ದೊರೆಯಾಗಿ ಆರಿಸಿದಾಗ ಅವನು ಏಳನೆಯ ಹೋಕೊನ್ ಆದ, ಅವನ ಪುಟ್ಟ ಮಗ ಅಲೆಕ್ಸಾಂಡರ್ ಒಲಾವ್ ಆದ. ಮಧ್ಯಯುಗದ ನಾರ್ವೆಯ ಸ್ವತಂತ್ರ ಅರಸರ ಸಾಲಿಗೆ ಒಂದೇ ದಿನದಲ್ಲಿ ಸೇರಿಸುವ ರಾಜಕೀಯ ನಾಮಕರಣವದು. ಇದಕ್ಕೆ ತದ್ವಿರುದ್ಧ ಸ್ವೀಡನ್ನಿನ ಆಸ್ಕರ್. ಫ್ರೆಂಚ್ ಸೇನಾನಿ ಬೆರ್ನಡೊಟ್ 1810ರಲ್ಲಿ ಸ್ವೀಡನ್ನಿನ ಯುವರಾಜನಾಗಿ ಬಂದಾಗ ಜೊತೆಗೆ ತಂದ ಮಗನ ಹೆಸರದು. ‘ಓಸಿಯನ್’ ಕಾವ್ಯಗಳ ಹುಚ್ಚಿದ್ದ ನೆಪೋಲಿಯನ್ ಸೂಚಿಸಿದ್ದು ಎನ್ನಲಾಗುತ್ತದೆ, ಮೂಲ ಐರಿಷ್. ಇಂದು ಅದರಷ್ಟು ಸ್ವೀಡಿಷ್ ಎನಿಸುವ ಹೆಸರು ಇನ್ನೊಂದಿಲ್ಲ.

ಹೊರನಾಡುಗಳಲ್ಲಿ

ವೈಕಿಂಗರು ಹೋದಲ್ಲೆಲ್ಲ ಹೆಸರುಗಳನ್ನು ಬಿಟ್ಟುಬಂದರು. ರಷ್ಯದ ಓಲೆಗ್, ಓಲ್ಗಾ ಎಂಬವು ಮೂಲದಲ್ಲಿ ಪವಿತ್ರ ಎಂಬರ್ಥದ ಹೆಲ್ಗಿ, ಹೆಲ್ಗಾ. ಈಗೊರ್ ಎಂದರೆ ಇಂಗ್ವಾರ್. ನಾರ್ಮಂಡಿಯಲ್ಲಿ ಆಸ್‌ಕೆಟಿಲ್ ಎಂಬುದು ಆಂಕೆಟಿಲ್ ಆಯಿತು. ಪರ್ಷಿಯನ್ನಿನಿಂದ ಉಪನಿಷತ್ತುಗಳನ್ನು ಲ್ಯಾಟಿನ್ನಿಗೆ ತಂದು 1801–02ರಲ್ಲಿ ಪ್ರಕಟಿಸಿದ ಆಂಕೆಟಿಲ್ ದ್ಯುಪೆರೋನ್‌ನ ಹೆಸರಿನಲ್ಲಿರುವುದು ಈ ‘ದೇವರ ಹಂಡೆ’. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಮೆಕಾಲೆ ಎಂಬ ಕುಲನಾಮಕ್ಕೆ ಒಲಾಫ್‌ನ ಮಗ ಎಂದರ್ಥ. 1834ರಲ್ಲಿ ಮದರಾಸಿನಲ್ಲಿಳಿದು ಬೆಂಗಳೂರು, ಮೈಸೂರಿನ ಮೇಲೆ ಉದಕಮಂಡಲಕ್ಕೆ ಹೋದ, ಭಾರತಕ್ಕೆ ಇಂಗ್ಲಿಷ್ ಶಿಕ್ಷಣವನ್ನು ಒತ್ತಿಹೇಳಿದ ಮೆಕಾಲೆಯ ಹಿರಿಯರು ಆ ಕುಲದವರು.

ಇಂದಿನ ಸ್ಥಿತಿ ಮತ್ತು ಉಚ್ಚಾರಣೆ

ಡೆನ್ಮಾರ್ಕಿನಲ್ಲಿ ಅನುಮೋದಿತ ಹೆಸರುಗಳ ಪಟ್ಟಿಯಿದೆ. ಅದರಾಚೆಯ ಹೆಸರಿಗೆ ಅನುಮತಿ ಬೇಕು. ಸ್ವೀಡನ್ನಿನಲ್ಲಿ ಹೆಸರುಗಳ ಕಾನೂನನ್ನು ಪ್ರತಿಭಟಿಸಿ 1996ರಲ್ಲಿ ದಂಪತಿಗಳು ಮಗುವಿಗೆ 43 ಅಕ್ಷರಾಂಕಗಳ, ಉಚ್ಚರಿಸಲಾಗದ ಹೆಸರೊಂದನ್ನು ಸೂಚಿಸಿದರು; ಅಧಿಕಾರಿಗಳು ತಿರಸ್ಕರಿಸಿದರು. ಈಗಿನ ಕಾನೂನುಗಳು ಸಡಿಲ. ತಂದೆಯ ಅಥವಾ ತಾಯಿಯ ಹೆಸರಿಗೆ ‘ದೋತೆರ್’ ಸೇರಿಸಿಕೊಳ್ಳುವವರು ಸ್ವೀಡನ್ನಿನಲ್ಲಿ ಮತ್ತೆ ಕಾಣಿಸಿಕೊಂಡಿದ್ದಾರೆ.

ಇಂಗ್ಲಿಷ್ ಬರಹವನ್ನು ನೋಡಿ ಕನ್ನಡಕ್ಕೆ ತರುವಾಗ ಈ ಹೆಸರುಗಳು ಕೆಡುವುದುಂಟು. ಜೆ ಅಕ್ಷರ ಇಲ್ಲಿ ಯಕಾರ. ಆದ್ದರಿಂದ ಬ್ಜೋರ್ನ್ ಅಲ್ಲ, ಬ್ಯೋರ್ನ್. ಜೆನ್ಸೆನ್ ಅಲ್ಲ, ಯೆನ್ಸೆನ್. ಮೇಲೆ ಸೊನ್ನೆಯಿರುವ ಎ ಅಥವಾ ಜೋಡಿ ಎ ಓಕಾರಕ್ಕೆ ಹತ್ತಿರ. ಸ್ವೀಡಿಷ್‌ನಲ್ಲಿ ಗೋರಾನ್ ಎಂದು ಬರೆದದ್ದನ್ನು ಯೋರಾನ್ ಎಂದೂ, ಕ್ಯೆಲ್ ಎಂದು ಬರೆದದ್ದನ್ನು ಶೆಲ್ ಎಂಬಂತೆಯೂ ನುಡಿಯುತ್ತಾರೆ. ಥಕಾರದ ಹಳೆಯ ಧ್ವನಿ ಇಂದು ಉಳಿದಿರುವುದು ಐಸ್‌ಲ್ಯಾಂಡಿನಲ್ಲಿ ಮಾತ್ರ. ಉಳಿದೆಡೆ ಥೋರ್ ಟೂರ್ ಆಗಿದ್ದಾನೆ.